ಮೋರಿಯರ ಮನೆ: ಬೃಹತ್ ಶಿಲಾ ಸಮಾಧಿಗಳ ಐತಿಹ್ಯವೂ ಜೈನ ಪರಂಪರೆಯೂ

ಕರ್ನಾಟಕದ ಅನೇಕ ಗುಡ್ಡಗಳ ಮೇಲೆ ಪ್ರಾಚೀನವಾದ ಕಲ್ಲುಕೋಣೆಗಳು ಕಂಡುಬರುತ್ತವೆ. ನಾಲ್ಕು ದಿಕ್ಕಿಗೆ ನಾಲ್ಕು ಬಂಡೆಚಪ್ಪಡಿಗಳನ್ನು ನೆಟ್ಟಗೆ ನಿಲ್ಲಿಸಿ, ಮೇಲೊಂದು ದೊಡ್ಡ ಚಪ್ಪಡಿಯನ್ನು ಹೊದಿಸಿ ಇವನ್ನು ಕಟ್ಟಲಾಗಿದೆ. ಎಷ್ಟೋ ಕಡೆ ಒಂದು ಪಕ್ಕದ ಚಪ್ಪಡಿಯಲ್ಲಿ ಗುಂಡನೆಯ ಕಿಂಡಿಯನ್ನು ಕೊರೆದಿರುತ್ತಾರೆ. ಪುರಾತತ್ತ್ವಜ್ಞರು ಇವನ್ನು ಬೃಹತ್ ಶಿಲಾ ಸಮಾಧಿಗಳೆಂದು ಕರೆಯುತ್ತಾರೆ. ಜನಸಾಮಾನ್ಯರ ಬಾಯಲ್ಲಿ ಇವು 'ಮೋರಿಯರ ಮನೆ', 'ಮೋರೇರ ಅಂಗಡಿ' ಎಂಬ ಹೆಸರುಗಳಿಂದ ಪ್ರಸಿದ್ಧವಾಗಿವೆ. ಆ ಮನೆಗಳಲ್ಲಿ ಮೋರಿಯರೆಂಬ ಕುಳ್ಳ ಜನರು ವಾಸವಾಗಿದ್ದರೆಂದೂ, ಆಳು ಗಿಡ್ಡವಾದರೂ ಬಂಡೆಗಳನ್ನು ಎತ್ತಿ ನಿಲ್ಲಿಸುವ ಬಲ ಅವರಿಗಿತ್ತೆಂದೂ, ಬೆಂಕಿಯ ಮಳೆ ಸುರಿದು ಅವರ ಕುಲವೇ ಅಳಿಯಿತೆಂದೂ ಹಿರಿಯರು ಹೇಳುವುದುಂಟು.

ಈ ಹೆಸರನ್ನು ಕೇಳಿದೊಡನೆ ಜೈನ ಇತಿಹಾಸದ ಪರಿಚಯವಿದ್ದವರಿಗೆ ಮೌರ್ಯ ಚಂದ್ರಗುಪ್ತನ ನೆನಪಾಗುವುದು ಸಹಜ. ಶ್ರುತಕೇವಲಿ ಭದ್ರಬಾಹು ಸ್ವಾಮಿಗಳೊಡನೆ ದಕ್ಷಿಣಕ್ಕೆ ಬಂದು ಕಟವಪ್ರ ಗಿರಿಯಲ್ಲಿ ಸಮಾಧಿಯನ್ನು ಸಾಧಿಸಿದನೆಂದು ಪರಂಪರೆ ಹೇಳುವ ಆ ಮಹಾರಾಜನ ಕುಲನಾಮವೇ ಈ ಕಲ್ಲುಮನೆಗಳಿಗೆ ಅಂಟಿಕೊಂಡಿದೆ ಎಂದು ಭಾವಿಸಿ, ಇದನ್ನು ಆ ವೃತ್ತಾಂತಕ್ಕೆ ಸಾಕ್ಷಿಯಾಗಿ ಮುಂದಿಡುವ ಪ್ರವೃತ್ತಿ ಬಹುಕಾಲದಿಂದ ಇದೆ. ಈ ಸಮೀಕರಣ ಎಷ್ಟು ದೂರ ನಿಲ್ಲುತ್ತದೆ, ಎಲ್ಲಿ ಕುಸಿಯುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಪ್ರಶ್ನೆ ಕೇವಲ ಒಂದು ಸ್ಥಳನಾಮದ್ದಲ್ಲ. ಒಂದು ಪರಂಪರೆಯು ತನ್ನ ಪ್ರಾಚೀನತೆಗೆ ಎಂಥ ಸಾಕ್ಷಿಗಳನ್ನು ಕರೆಯಬೇಕು, ಎಂಥವನ್ನು ಕರೆಯಬಾರದು ಎಂಬ ವಿವೇಕ ಇಲ್ಲಿ ಅಡಗಿದೆ.

ಇಂಥ ನೆಲೆಗಳಲ್ಲಿ ಅಗ್ರಗಣ್ಯವಾದುದು ಕೊಪ್ಪಳ ಜಿಲ್ಲೆಯ ಗಂಗಾವತಿಗೆ ಸಮೀಪದ ಹಿರೇಬೆಣಕಲ್. ಅಲ್ಲಿಯ ಬೆಟ್ಟಸಾಲಿನ ಒಂದು ಭಾಗಕ್ಕೆ ಜನರು ಮೋರ್ಯರ ಗುಡ್ಡವೆಂದೇ ಹೆಸರಿಟ್ಟಿದ್ದಾರೆ. ಸುಮಾರು 400 ಶಿಲಾ ಸಮಾಧಿಗಳು ಅಲ್ಲಿ ಹರಡಿಕೊಂಡಿವೆ. ಕೆಲವು ಕೋಣೆಗಳ ಚಪ್ಪಡಿಗಳು ಸುಮಾರು 3 ಮೀಟರ್ ಎತ್ತರವಾಗಿ, ಒಳಗೆ ಮನುಷ್ಯರು ನಿಂತು ನಡೆದಾಡುವಷ್ಟು ವಿಶಾಲವಾಗಿವೆ. ಮತ್ತೆ ಕೆಲವು ಮೊಳಕಾಲೆತ್ತರದವು. ದೊಡ್ಡ ಗುಂಡೊಂದರ ನೆತ್ತಿಯ ಮೇಲೆ ನಗಾರಿಯ ಆಕಾರದಲ್ಲಿ ಕಡೆದ ಅರ್ಧಗೋಳದ ಕಲ್ಲೊಂದಿದೆ. ಅದನ್ನು ಬಡಿದರೆ ಅದರ ದನಿ ಬಹುದೂರ ಕೇಳಿಸುತ್ತದೆ. 2021ರಲ್ಲಿ ಈ ನೆಲೆ ಯುನೆಸ್ಕೋ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಇಷ್ಟು ಸಂಖ್ಯೆಯ ಕಲ್ಲುಕೋಣೆಗಳನ್ನು ಒಂದೆಡೆ ಕಂಡ ಹಳ್ಳಿಗರು ಅದನ್ನು ಹಾಳುಬಿದ್ದ ಒಂದು ಊರೆಂದೇ ತಿಳಿದುದರಲ್ಲಿ ಆಶ್ಚರ್ಯವಿಲ್ಲ.

ಹಿರೇಬೆಣಕಲ್ಲಿಗೆ ಪಶ್ಚಿಮದಲ್ಲಿರುವ ಕೊಪ್ಪಳವು ಜೈನ ವಾಙ್ಮಯದಲ್ಲಿ ಕೊಪಣವೆಂದು ಕೀರ್ತಿವೆತ್ತ ತೀರ್ಥ. ಅಲ್ಲಿಯ ಗವಿಮಠದ ಬೆಟ್ಟದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಅಶೋಕನ ಶಾಸನಗಳು 1931ರಲ್ಲಿ ಬೆಳಕಿಗೆ ಬಂದವು. ಪಾಲ್ಕಿಗುಂಡಿನಲ್ಲಿ ಅಶೋಕನ ಬ್ರಾಹ್ಮೀ ಅಕ್ಷರಗಳ ಸನಿಹದಲ್ಲಿಯೇ, ವರಾಂಗಚರಿತದ ಕರ್ತೃವೆಂದು ಗುರುತಿಸಲಾಗುವ ಜಟಾಸಿಂಹನಂದ್ಯಾಚಾರ್ಯರ ಪಾದಗಳನ್ನು ಚಾವಯ್ಯನೆಂಬವನು ಮಾಡಿಸಿದುದಾಗಿ ಹೇಳುವ ಕನ್ನಡ ಶಾಸನವಿದೆ. ಮೌರ್ಯರ ಆಜ್ಞೆ, ಜೈನಾಚಾರ್ಯರ ಪಾದಚಿಹ್ನೆ, ನೆರೆಯಲ್ಲೇ ಮೋರ್ಯರ ಗುಡ್ಡ ಎಂಬೀ ಮೂರೂ ಒಂದೇ ಸೀಮೆಯಲ್ಲಿ ಕೂಡಿಬಂದಿರುವುದರಿಂದ ಇವನ್ನು ಒಂದೇ ದಾರದಲ್ಲಿ ಪೋಣಿಸಬೇಕೆಂಬ ಆಸೆ ಬಲಗೊಳ್ಳುತ್ತದೆ. ಆದರೆ ನೆರೆಹೊರೆಯಲ್ಲಿ ಇರುವುದು ಬೇರೆ, ಸಂಬಂಧವಿರುವುದು ಬೇರೆ.

ಮೊದಲು ಶಬ್ದವನ್ನು ನೋಡೋಣ. ಸಂಸ್ಕೃತದ ಔಕಾರವು ಪ್ರಾಕೃತದಲ್ಲಿ ಓಕಾರವಾಗುವುದೂ, ರ್ಯ ಎಂಬ ಸಂಯುಕ್ತಾಕ್ಷರದ ನಡುವೆ ಇಕಾರ ಸೇರಿ ರಿಯ ಎಂದಾಗುವುದೂ ಪ್ರಾಕೃತ ವೈಯಾಕರಣರು ಹೇಳಿದ ವಿಧಿಗಳೇ. ಆದುದರಿಂದ ಮೌರ್ಯ ಶಬ್ದದ ಪ್ರಾಕೃತ ರೂಪ ಮೋರಿಯ. ಪಾಳಿಯಲ್ಲಿಯೂ ಇದೇ ರೂಪವಿದೆ. ತಮಿಳಿನ ಸಂಗಮ ಸಾಹಿತ್ಯದಲ್ಲಿ, ರಥದ ಗಾಲಿಗಳು ಉರುಳುವುದಕ್ಕಾಗಿ ಬೆಟ್ಟವನ್ನು ಕಡಿದು ದಾರಿಮಾಡಿದ ಮೋರಿಯರ ಪ್ರಸ್ತಾಪವಿದೆ. ಹೀಗಾಗಿ ಶಬ್ದರೂಪದ ಮಟ್ಟಿಗೆ ಮೋರಿಯರು ಮೌರ್ಯರಾಗಲು ಯಾವ ಅಡ್ಡಿಯೂ ಇಲ್ಲ. ಆದರೆ ಶಬ್ದಶಾಸ್ತ್ರವು ಇಲ್ಲಿ ಅನುಮತಿ ಕೊಡುತ್ತದೆಯೇ ಹೊರತು ತೀರ್ಪು ಕೊಡುವುದಿಲ್ಲ. ಹಳ್ಳಿಯ ಮಾತಿನಲ್ಲಿ 'ಮೋರಿ' ಎಂದರೆ ನೀರು ಹರಿಯುವ ಕಿಂಡಿ ಅಥವಾ ಕಲ್ಲುಚಪ್ಪಡಿ ಹೊದಿಸಿದ ಕಾಲುವೆ. ಚಪ್ಪಡಿ ಹೊದಿಸಿ ಕಿಂಡಿ ಕೊರೆದ ಕೋಣೆಗೆ ಆ ಶಬ್ದವೂ ಸಲ್ಲುವಂತಿದೆ. ಒಂದು ಶಬ್ದಕ್ಕೆ ಎರಡು ಬಾಗಿಲು ತೆರೆದಿರುವಾಗ, ಅದರ ಮೂಲವನ್ನು ಶಬ್ದದಾಚೆಗೆ ಹುಡುಕಬೇಕಾಗುತ್ತದೆ.

ಎರಡನೆಯದಾಗಿ ಗ್ರಂಥ ಹಾಗೂ ಶಾಸನಗಳ ಸಾಕ್ಷಿ. ಮುಕುಟಧರ ರಾಜರಲ್ಲಿ ಕೊನೆಯದಾಗಿ ಜಿನದೀಕ್ಷೆಯನ್ನು ಧರಿಸಿದವನು ಚಂದ್ರಗುಪ್ತನೆಂದು ಯತಿವೃಷಭಾಚಾರ್ಯರ ತಿಲೋಯಪಣ್ಣತ್ತಿ ಹೇಳುತ್ತದೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿರುವ ಸುಮಾರು ಕ್ರಿ.ಶ. 600ರ ಶಾಸನವು ಉಜ್ಜಯಿನಿಯಲ್ಲಿ ಭದ್ರಬಾಹು ಸ್ವಾಮಿಗಳು ಹನ್ನೆರಡು ವರ್ಷಗಳ ಕ್ಷಾಮವನ್ನು ಮುಂಗಂಡುದನ್ನೂ, ಸಂಘವು ದಕ್ಷಿಣಾಪಥಕ್ಕೆ ಬಂದುದನ್ನೂ, ಪ್ರಭಾಚಂದ್ರಾಚಾರ್ಯರು ಕಟವಪ್ರದಲ್ಲಿ ಸಮಾಧಿಯನ್ನು ಆರಾಧಿಸಿದುದನ್ನೂ ತಿಳಿಸುತ್ತದೆ. ಆದರೆ ಅದರಲ್ಲಿ ಚಂದ್ರಗುಪ್ತನ ಹೆಸರಿಲ್ಲ. ಸುಮಾರು ಕ್ರಿ.ಶ. 650ರ ಶಾಸನವೊಂದರಲ್ಲಿ ಭದ್ರಬಾಹು ಮತ್ತು ಚಂದ್ರಗುಪ್ತರು ಮುನಿಯುಗ್ಮವಾಗಿ ಒಟ್ಟಿಗೆ ಬರುತ್ತಾರೆ. ಕ್ರಿ.ಶ. 931ರಲ್ಲಿ ರಚಿತವಾದ ಹರಿಷೇಣನ ಬೃಹತ್ಕಥಾಕೋಶದಲ್ಲಿ ದೀಕ್ಷಿತನಾದ ಚಂದ್ರಗುಪ್ತನೇ ವಿಶಾಖಾಚಾರ್ಯನಾಗಿ ಸಂಘವನ್ನು ಪುನ್ನಾಟ ವಿಷಯಕ್ಕೆ ಕರೆತರುತ್ತಾನೆ. ಕನ್ನಡದ ವಡ್ಡಾರಾಧನೆಯಲ್ಲಿ ಭದ್ರಬಾಹು ಭಟಾರರ ಕಥೆಯಿದೆ. ಈ ಸಾಕ್ಷಿಗಳಲ್ಲಿ ವಿವರಭೇದವಿದೆ. ಅವನ್ನು ಕುರಿತು ವಿದ್ವಾಂಸರು ನಡೆಸಿದ ಚರ್ಚೆ ಒಂದು ಶತಮಾನವನ್ನೂ ಮೀರಿದ್ದು. ಇಲ್ಲಿ ಗಮನಿಸಬೇಕಾದ ಅಂಶ ಒಂದೇ. ಇವುಗಳಲ್ಲಿ ಯಾವುದೂ ಕಲ್ಲುಮನೆಗಳನ್ನು ಹೆಸರಿಸುವುದಿಲ್ಲ. ಮೌರ್ಯನ ದಕ್ಷಿಣಾಗಮನವನ್ನು ನಂಬಿ, ಬರೆದು, ಕಲ್ಲಿನಲ್ಲಿ ಕೊರೆಯಿಸಿದ ಆಚಾರ್ಯರು ನಾಡಿನ ಬೆಟ್ಟಗಳ ಮೇಲೆ ನಿಂತಿದ್ದ ಆ ಕೋಣೆಗಳನ್ನು ತಮ್ಮ ಕಥೆಗೆ ಆಧಾರವಾಗಿ ಬಳಸಲಿಲ್ಲ.

ಮೂರನೆಯದು ಕಾಲದ ಪ್ರಶ್ನೆ. 1892ರಲ್ಲಿ ಬಿ. ಎಲ್. ರೈಸ್ ಅವರು ಬ್ರಹ್ಮಗಿರಿ ಪರಿಸರದಲ್ಲಿ ಅಶೋಕನ ಶಾಸನಗಳನ್ನು ಪತ್ತೆಹಚ್ಚಿದ ಮೇಲೆ, ಮೌರ್ಯರ ಆಡಳಿತ ಕನ್ನಡ ನೆಲವನ್ನು ಮುಟ್ಟಿತ್ತೆಂಬುದು ನಿಶ್ಚಿತವಾಯಿತು. ಅದೇ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಉತ್ಖನನ ನಡೆಸಿ, ಶಿಲಾ ಸಮಾಧಿಗಳ ಸಂಸ್ಕೃತಿಯನ್ನು ಕ್ರಿ.ಪೂ. ಎರಡನೆಯ ಶತಮಾನದಿಂದ ಕ್ರಿ.ಶ. ಮೊದಲನೆಯ ಶತಮಾನದವರೆಗಿನದೆಂದು ನಿರ್ಧರಿಸಿದರು. ಆ ಗಣನೆಯಂತೆ ಸಮಾಧಿಗಳು ಮೌರ್ಯರ ಕಾಲದ ಬೆನ್ನಿಗೇ ಬರುತ್ತಿದ್ದುದರಿಂದ, ಮೋರಿಯರ ಮನೆ ಎಂಬ ಹೆಸರಿನಲ್ಲಿ ಚಾರಿತ್ರಿಕ ಸ್ಮೃತಿಯಿರಬಹುದೆಂದು ಊಹಿಸಲು ಎಡೆಯಿತ್ತು. ಮುಂದೆ ಹಳ್ಳೂರಿನಂಥ ನೆಲೆಗಳ ಇಂಗಾಲ-14 ಪರೀಕ್ಷೆಗಳಿಂದ ದಕ್ಷಿಣದಲ್ಲಿ ಕಬ್ಬಿಣದ ಬಳಕೆ ಸುಮಾರು ಕ್ರಿ.ಪೂ. 1000ದಷ್ಟು ಹಿಂದಕ್ಕೆ ಸರಿಯಿತು. ಹಿರೇಬೆಣಕಲ್ ಸಮಾಧಿಗಳನ್ನು ಈಗ ಸುಮಾರು ಕ್ರಿ.ಪೂ. 800ರಿಂದ 200ರ ನಡುವಿನವೆಂದು ಎಣಿಸಲಾಗುತ್ತದೆ. ಚಂದ್ರಗುಪ್ತನು ಪಟ್ಟವೇರಿದ್ದು ಸುಮಾರು ಕ್ರಿ.ಪೂ. 321ರಲ್ಲಿ. ಅಂದರೆ ಮೌರ್ಯವಂಶದ ಉದಯಕ್ಕೆ ಮೊದಲೇ ಶತಮಾನಗಳ ಕಾಲ ಈ ಕೋಣೆಗಳ ನಿರ್ಮಾಣ ನಡೆದಿತ್ತು. ಅಶೋಕನ ಕಾಲದಲ್ಲಿಯೂ ಸ್ಥಳೀಯರು ಇವನ್ನು ಕಟ್ಟುತ್ತಿದ್ದಿರಬಹುದು. ಆದರೆ ಕಟ್ಟಿದವರು ಮೌರ್ಯರಲ್ಲ. ಪಾಟಲಿಪುತ್ರ ಮೊದಲಾದ ಮೌರ್ಯ ನೆಲೆಗಳ ಉತ್ಖನನಗಳಲ್ಲಿ ಇಂಥ ಕಿಂಡಿಯ ಕಲ್ಲುಕೋಣೆಗಳು ದೊರೆತಿಲ್ಲ.

ಇನ್ನು ಸಮಾಧಿಗಳ ಒಳಗಿನ ವಸ್ತುಗಳ ವಿಚಾರ. ದಕ್ಷಿಣದ ಶಿಲಾ ಸಮಾಧಿಗಳನ್ನು ಅಗೆದಾಗ ಆಯ್ದಿಟ್ಟ ಮೂಳೆಗಳು, ಕಪ್ಪು-ಕೆಂಪು ಬಣ್ಣದ ಮಡಕೆಗಳು, ಕಬ್ಬಿಣದ ಆಯುಧಗಳು, ಮಣಿಗಳು ದೊರೆತಿವೆ. ಸತ್ತವನಿಗೆ ಮುಂದೆಯೂ ಬೇಕಾದೀತೆಂದು ಪದಾರ್ಥಗಳನ್ನು ಜತೆಗಿಡುವ ಈ ನಂಬಿಕೆಗೂ, ದೇಹವನ್ನೇ ಪರಿಗ್ರಹವೆಂದು ಬಗೆದು ತೊರೆಯುವ ಸಲ್ಲೇಖನ ವಿಧಿಗೂ ಹೋಲಿಕೆಯಿಲ್ಲ. ಜೈನರ ನಿಸಿದಿಗಲ್ಲೂ ನೆಟ್ಟ ಕಲ್ಲೇ. ಆದರೆ ಅದರ ಧರ್ಮ ಬೇರೆ. ನಿಸಿದಿಗಲ್ಲು ಮಾತನಾಡುತ್ತದೆ. ಸಮಾಧಿಮರಣವನ್ನು ಪಡೆದವರ ಹೆಸರು, ಗುರುಪರಂಪರೆ, ಗಣ ಗಚ್ಛಗಳು, ಎಷ್ಟೋ ವೇಳೆ ತಿಥಿವಾರಗಳು ಅದರಲ್ಲಿರುತ್ತವೆ. ಬೃಹತ್ ಶಿಲಾ ಸಮಾಧಿಯಲ್ಲಿ ಒಂದಕ್ಷರವೂ ಇಲ್ಲ. ಹೆಸರಿಲ್ಲದ ಕಲ್ಲಿಗೆ ಹೆಸರು ಕೊಡುವ ಕೆಲಸ ನಂತರ ಬಂದವರ ಪಾಲಿಗೆ ಉಳಿಯಿತು.

ಈ ಸಂದರ್ಭದಲ್ಲಿ ಮತ್ತೊಂದು ಮೋಹವನ್ನೂ ನಿವಾರಿಸಬೇಕು. ಅನೇಕ ಕಲ್ಲುಕೋಣೆಗಳ ನಾಲ್ಕು ಚಪ್ಪಡಿಗಳು ಒಂದರ ಅಂಚನ್ನು ಮತ್ತೊಂದು ಮೀರುವಂತೆ ನಿಂತಿರುತ್ತವೆ. ಮೇಲಿನಿಂದ ನೋಡಿದರೆ ವಿನ್ಯಾಸವು ಸ್ವಸ್ತಿಕದಂತೆ ಕಾಣುತ್ತದೆ. ಸ್ವಸ್ತಿಕವು ಏಳನೆಯ ತೀರ್ಥಂಕರರಾದ ಸುಪಾರ್ಶ್ವನಾಥರ ಲಾಂಛನ. ಅಷ್ಟಮಂಗಲಗಳಲ್ಲಿಯೂ ಅದಕ್ಕೆ ಸ್ಥಾನವಿದೆ. ಆದರೂ ಇಲ್ಲಿ ಅದು ಸಂಕೇತವೆಂದು ಹೇಳಲು ಆಧಾರವಿಲ್ಲ. ಗಾರೆಯಿಲ್ಲದೆ ನಿಲ್ಲಿಸಿದ ಭಾರವಾದ ಚಪ್ಪಡಿಗಳು ಒಳಮುಖವಾಗಿ ಕುಸಿಯದಂತೆ ಪ್ರತಿಯೊಂದೂ ಪಕ್ಕದ್ದಕ್ಕೆ ಆಸರೆಯಾಗಬೇಕು. ಆ ಆಸರೆಯ ಉಪಾಯವೇ ಈ ಆಕಾರ. ಹೊರಗಿನಿಂದ ಮಣ್ಣು ಕಲ್ಲುಗಳನ್ನು ಒತ್ತಿದಷ್ಟೂ ಕೋಣೆ ಗಟ್ಟಿಯಾಗುತ್ತದೆ.

ಹೆಸರೊಂದನ್ನೇ ನೆಚ್ಚಿದರೆ ಆಗುವ ಗೊಂದಲಕ್ಕೆ ಐಹೊಳೆ ಉತ್ತಮ ನಿದರ್ಶನ. ಅಲ್ಲಿಯ ಮೇಗುತಿ ಬೆಟ್ಟದ ಮೇಲೆ ರವಿಕೀರ್ತಿಯು ಶಕ ವರ್ಷ 556ರಲ್ಲಿ, ಅಂದರೆ ಕ್ರಿ.ಶ. 634ರಲ್ಲಿ ಕಟ್ಟಿಸಿದ ಜಿನಾಲಯವಿದೆ. ಅದೇ ಬೆಟ್ಟದಲ್ಲಿ, ಜಿನಾಲಯದ ಹಿಂಭಾಗದಲ್ಲಿ, ಹಲವು ಕಲ್ಲುಕೋಣೆಗಳಿವೆ. ಅವನ್ನೇ ಮೋರೇರ ಅಂಗಡಿಗಳೆನ್ನುತ್ತಾರೆ. ರವಿಕೀರ್ತಿಯ ಪ್ರಶಸ್ತಿಯಲ್ಲಿ ಮೌರ್ಯರ ಹೆಸರು ಬರುತ್ತದೆ. ಆದರೆ ಅವರು ಪಾಟಲಿಪುತ್ರದ ಚಕ್ರವರ್ತಿಗಳಲ್ಲ. ಬಾದಾಮಿ ಚಾಲುಕ್ಯರ ಕೀರ್ತಿವರ್ಮನೂ ಇಮ್ಮಡಿ ಪುಲಕೇಶಿಯೂ ಸೋಲಿಸಿದ, ಕೊಂಕಣವನ್ನು ಆಳುತ್ತಿದ್ದ ಮೌರ್ಯರು. ಬೆಟ್ಟದ ಕಲ್ಲುಕೋಣೆಗಳ ಮೋರೇರು ಮಗಧದ ಮೌರ್ಯರೆ, ಕೊಂಕಣದ ಮೌರ್ಯರೆ ಎಂದು ಕೇಳಿದರೆ ಹೆಸರು ಉತ್ತರ ಕೊಡಲಾರದು. ಜಿನಾಲಯದ ಅಡಿಗಲ್ಲು ಬೀಳುವ ಹೊತ್ತಿಗೆ ಆ ಕೋಣೆಗಳು ಶತಮಾನಗಳಷ್ಟು ಹಳೆಯವಾಗಿದ್ದವು ಎಂಬುದನ್ನು ನೆನೆದರೆ, ಎರಡು ಉತ್ತರಗಳೂ ನಿಲ್ಲುವುದಿಲ್ಲ.

ನಾಡಿನ ಎಲ್ಲೆಯನ್ನು ದಾಟಿದೊಡನೆ ಈ ವಿಚಾರ ಇನ್ನೂ ಸ್ಪಷ್ಟವಾಗುತ್ತದೆ. ಒಂದೇ ಸಂಪ್ರದಾಯಕ್ಕೆ ಸೇರಿದ ಕಲ್ಲುಸಮಾಧಿಗಳನ್ನು ಕೊಡಗಿನಲ್ಲಿ ಪಾಂಡು ಪಾರೆ ಎಂದಿದ್ದಾರೆ. ತಮಿಳುನಾಡಿನಲ್ಲಿ ಪಾಂಡವರ ಕುಳಿ ಎಂಬ ಹೆಸರಿದೆ. ತೆಲುಗು ನೆಲದಲ್ಲಿ ಇವು ರಾಕಾಸಿ ಗುಳ್ಳು, ಅಂದರೆ ರಾಕ್ಷಸರ ಗುಡಿಗಳು. ಕೇರಳದ ಮರಯೂರಿನಲ್ಲಿ ಇವಕ್ಕೆ ಮುನಿಯರ, ಎಂದರೆ ಮುನಿಗಳ ಕೋಣೆ ಎಂಬ ಹೆಸರು. ಮೋರಿಯ ಎಂಬ ಹೆಸರಿನಿಂದ ಮೌರ್ಯರನ್ನು ಸಾಧಿಸುವವರು, ಅದೇ ನ್ಯಾಯದಿಂದ ಪಾಂಡವರನ್ನೂ ರಾಕ್ಷಸರನ್ನೂ ಸಾಧಿಸಬೇಕಾಗುತ್ತದೆ. ಕಲ್ಲು ಒಂದೇ ಬಗೆಯದಾಗಿದ್ದು ಹೆಸರುಗಳು ನೆಲದಿಂದ ನೆಲಕ್ಕೆ ಬದಲಾಗುತ್ತಿದ್ದರೆ, ಆ ಹೆಸರುಗಳು ಕಟ್ಟಿದವರಿಂದ ಬಂದವಲ್ಲ, ನೋಡಿದವರಿಂದ ಬಂದವು ಎಂದೇ ತೀರ್ಮಾನಿಸಬೇಕು. ತಮಗಿಂತ ಹಿಂದಿನವರೂ ತಮ್ಮಂತಲ್ಲದವರೂ ಆದ ಜನರನ್ನು ಕುರಿತು ಪ್ರತಿಯೊಂದು ಸೀಮೆಯವರೂ ತಾವು ಕೇಳಿದ್ದ ಅತ್ಯಂತ ಹಳೆಯ ಹೆಸರನ್ನು ಆ ಕಲ್ಲುಗಳಿಗೆ ಕೊಟ್ಟರು.

ಆ ಹೆಸರು ಕನ್ನಡ ನಾಡಿನ ಒಂದು ಭಾಗದಲ್ಲಿ ಮೋರಿಯ ಎಂದಾದುದೇಕೆ ಎಂಬ ಪ್ರಶ್ನೆ ಈಗ ಹೊಸ ಅರ್ಥವನ್ನು ಪಡೆಯುತ್ತದೆ. ನಂದ ಮೌರ್ಯರ ನೆನಪು ಮಧ್ಯಯುಗದ ಕರ್ನಾಟಕದಲ್ಲಿ ಜೀವಂತವಾಗಿತ್ತು. ಕುಂತಲವನ್ನು ನಂದರು ಆಳಿದ್ದರೆಂದು ಹೇಳುವ ಶಾಸನವಿದೆ. ನಾಗರಖಂಡವನ್ನು ಚಂದ್ರಗುಪ್ತನು ರಕ್ಷಿಸಿದನೆಂದು ಸೊರಬ ಭಾಗದ 14ನೆಯ ಶತಮಾನದ ಶಾಸನ ಹೇಳುತ್ತದೆ. ಬಸದಿಗಳಲ್ಲಿ ಭದ್ರಬಾಹು ಚಂದ್ರಗುಪ್ತರ ಕಥೆಯ ಶ್ರವಣ ತಲೆಮಾರುಗಳಿಂದ ನಡೆದುಬಂದಿತ್ತು. ಇಂಥ ವಾತಾವರಣದಲ್ಲಿ ಬಹಳ ಹಳೆಯದು ಎಂಬುದಕ್ಕೆ ಮೋರಿಯರ ಕಾಲದ್ದು ಎಂಬುದೇ ಪರ್ಯಾಯವಾಗಿದ್ದರೆ ಸೋಜಿಗವಿಲ್ಲ. ಹೀಗೆ ನೋಡಿದಾಗ ಮೋರಿಯರ ಮನೆ ಎಂಬುದು ಕ್ರಿಸ್ತಪೂರ್ವದ ಘಟನೆಗೆ ಸಾಕ್ಷಿಯಾಗದಿದ್ದರೂ, ಆ ಘಟನೆಯ ಕಥನ ನಾಡಿನಲ್ಲಿ ಎಷ್ಟು ಆಳಕ್ಕೆ ಇಳಿದಿತ್ತು ಎಂಬುದರ ಕುರುಹು ಆಗಬಹುದು.

ಐತಿಹ್ಯದ ಉಳಿದ ಭಾಗವೂ ಇದೇ ದಿಕ್ಕನ್ನು ತೋರಿಸುತ್ತದೆ. ಕುಳ್ಳ ಆಳುಗಳು, ಗವಿಯಂಥ ಮನೆಗಳು, ಬೆಂಕಿಯ ಮಳೆ ಎಂಬೀ ಮೂರನ್ನೂ ಬಲ್ಲ ಶಾಸ್ತ್ರಗ್ರಂಥಗಳಿವೆ. ತಿಲೋಯಪಣ್ಣತ್ತಿಯೂ, ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ತ್ರಿಲೋಕಸಾರವೂ ಅವಸರ್ಪಿಣಿಯ ಆರನೆಯ ಕಾಲವಾದ ಅತಿದುಷ್ಷಮೆಯನ್ನು ವರ್ಣಿಸುತ್ತವೆ. ಆ ಕಾಲದ ಕೊನೆಗೆ ಮನುಷ್ಯರ ಎತ್ತರ ಒಂದು ಹಸ್ತಕ್ಕೆ, ಅಂದರೆ ಒಂದು ಮೊಳಕ್ಕೆ ಇಳಿಯುತ್ತದೆ. ಆಮೇಲೆ ಏಳು ಬಗೆಯ ಮಳೆಗಳು ಏಳೇಳು ದಿನಗಳಂತೆ ಒಟ್ಟು 49 ದಿನ ಸುರಿಯುತ್ತವೆ. ವಿಷ, ಧೂಳು, ಹೊಗೆಗಳಂತೆ ಅಗ್ನಿಯ ಮಳೆಯೂ ಅವುಗಳಲ್ಲಿ ಒಂದು. 72 ಯುಗಳಗಳು ವಿಜಯಾರ್ಧ ಪರ್ವತದ ಗುಹೆಗಳನ್ನೂ ಗಂಗಾ ಸಿಂಧೂ ತೀರಗಳನ್ನೂ ಆಶ್ರಯಿಸಿ ಬದುಕಿಕೊಳ್ಳುತ್ತವೆ. ಮೋರಿಯರ ಕಥೆಯೊಡನೆ ಈ ವರ್ಣನೆಯ ಹೋಲಿಕೆ ಗಮನಾರ್ಹವಾಗಿದೆ.

ಆದರೆ ವ್ಯತ್ಯಾಸವನ್ನೂ ಮರೆಮಾಚಬಾರದು. ಆಗಮದ ಅಗ್ನಿವರ್ಷ ಮುಂದೆ ಬರುವಂಥದು. ಪಂಚಮಕಾಲದ ಉಳಿಕೆಯೂ ಆರನೆಯ ಕಾಲದ 21,000 ವರ್ಷಗಳೂ ಕಳೆಯುವ ವೇಳೆಗೆ ಅದು ಸಂಭವಿಸಬೇಕು. ಹಳ್ಳಿಯ ಕಥೆಯ ಬೆಂಕಿಮಳೆ ಆಗಿಹೋದದ್ದು. ಆಗಮದಲ್ಲಿ ಗುಹೆ ಸೇರಿದವರು ಉಳಿಯುತ್ತಾರೆ. ಹಳ್ಳಿಯ ಕಥೆಯಲ್ಲಿ ಕಲ್ಲುಮನೆಯವರು ಅಳಿಯುತ್ತಾರೆ. ಗಿಡ್ಡ ಜನರ ಕಥೆಗಳಾದರೋ ತಮಿಳುನಾಡಿನ ಕಲ್ಲುಕೋಣೆಗಳ ಸುತ್ತಲೂ ಇವೆ. ಚಿಕ್ಕ ಕೋಣೆಯನ್ನೂ ಅದರ ಸಣ್ಣ ಕಿಂಡಿಯನ್ನೂ ಕಂಡು, ಅದನ್ನು ಮನೆಯೆಂದು ತಿಳಿದ ಮೇಲೆ, ಅದರಲ್ಲಿದ್ದವರು ಕುಳ್ಳರೆಂದು ಊಹಿಸಲು ಶಾಸ್ತ್ರಶ್ರವಣವೇನೂ ಬೇಕಾಗಿಲ್ಲ. ಆದ್ದರಿಂದ ಜನಪದ ಕಥೆಯು ಆಗಮದಿಂದ ಹುಟ್ಟಿತೆಂದು ಹೇಳುವುದು ಸಾಹಸವಾಗುತ್ತದೆ. ಬಸದಿಯ ಪ್ರವಚನವೂ ಗುಡ್ಡದ ಕಲ್ಲೂ ಒಂದೇ ಊರಿನ ಜನರ ಕಿವಿಗೆ, ಕಣ್ಣಿಗೆ ಬೀಳುತ್ತಿದ್ದ ಕಡೆಗಳಲ್ಲಿ ಒಂದರ ಬಣ್ಣ ಮತ್ತೊಂದಕ್ಕೆ ತಗಲಿರಬಹುದು ಎಂಬಷ್ಟಕ್ಕೆ ನಿಲ್ಲುವುದು ಯುಕ್ತ.

ಹಸ್ತಪ್ರತಿಗಳನ್ನು ಸಂಪಾದಿಸುವವರಿಗೆ ಈ ಪರಿಸ್ಥಿತಿ ಹೊಸದಲ್ಲ. ಓಲೆಯ ಅಂಚಿನಲ್ಲಿ ನಂತರದ ಕೈಯೊಂದು ಬರೆದ ಟಿಪ್ಪಣಿ ಇರುತ್ತದೆ. ಅದನ್ನು ಮೂಲಪಾಠದೊಳಗೆ ಸೇರಿಸುವ ಲಿಪಿಕಾರನು ಗ್ರಂಥವನ್ನು ಕೆಡಿಸುತ್ತಾನೆ. ಅದನ್ನು ಕಸವೆಂದು ಬಿಟ್ಟುಬಿಡುವ ಸಂಪಾದಕನು ಆ ಗ್ರಂಥವನ್ನು ಯಾರು, ಯಾವಾಗ, ಹೇಗೆ ಓದಿದರೆಂಬ ತಿಳಿವನ್ನು ಕಳೆಯುತ್ತಾನೆ. ಮೋರಿಯರ ಮನೆ ಎಂಬ ಹೆಸರು ಕಲ್ಲಿನ ಅಂಚಿನಲ್ಲಿ ಜನರು ಬರೆದ ಟಿಪ್ಪಣಿ. ಅದು ಕಲ್ಲಿನ ಪಾಠವಲ್ಲ. ಚಂದ್ರಗುಪ್ತನ ದಕ್ಷಿಣಾಗಮನವನ್ನು ಚಿಕ್ಕಬೆಟ್ಟದ ಶಾಸನಗಳ ಮೇಲೆ, ಆಚಾರ್ಯರ ಗ್ರಂಥಗಳ ಮೇಲೆ ನಿಲ್ಲಿಸಿ ಚರ್ಚಿಸಬೇಕು. ಅದಕ್ಕೆ ಹಿರೇಬೆಣಕಲ್ಲಿನ ಕೋಣೆಗಳ ಆಸರೆ ಬೇಡ. ದುರ್ಬಲವಾದ ಸಾಕ್ಷಿಯನ್ನು ಸೇರಿಸುವುದರಿಂದ ಪ್ರಬಲ ಸಾಕ್ಷಿಗಳಿಗೂ ಸಂಶಯ ತಟ್ಟುತ್ತದೆ.

ಟಿಪ್ಪಣಿ ಬರೆಯುವ ಕೈ ಇಂದಿಗೂ ನಿಂತಿಲ್ಲ. ಕೃಷ್ಣಾ ತೀರದಲ್ಲಿ, ತೆಲಂಗಾಣದ ನಾರಾಯಣಪೇಟೆ ಜಿಲ್ಲೆಯ ಮುಡುಮಾಲ್ ಎಂಬಲ್ಲಿ ಎತ್ತರವಾದ ಒಂಟಿ ನಿಲುಗಲ್ಲುಗಳ ಸಮೂಹವಿದೆ. ಶಾಪಕ್ಕೆ ಗುರಿಯಾಗಿ ಕಲ್ಲಾದ ರೈತರು ಇವರೆಂದು ಅಲ್ಲಿಯವರು ಹೇಳುತ್ತಾರೆ. ಅವುಗಳಲ್ಲೊಂದು ಎಲ್ಲಮ್ಮನಾಗಿ ಪೂಜೆಗೊಳ್ಳುತ್ತದೆ. ಆ ನೆಲೆ 2025ರಲ್ಲಿ ಯುನೆಸ್ಕೋ ತಾತ್ಕಾಲಿಕ ಪಟ್ಟಿಗೆ ಸೇರಿದೆ. ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಿಲಸ್ಕಲ್ ಎಂಬ ಊರಿಗೆ ಅಲ್ಲಿಯ ನಿಲುಗಲ್ಲುಗಳಿಂದಲೇ ಹೆಸರು ಬಂದಿದೆ. ಅಲ್ಲಿಯ ಕಲ್ಲುಗಳ ಕೆಲವು ಜೋಡಿಗಳು ಅಯನ ಸಂಕ್ರಮಣದ ದಿನಗಳ ಸೂರ್ಯೋದಯ, ಸೂರ್ಯಾಸ್ತಗಳ ದಿಕ್ಕಿಗೆ ನೇರವಾಗಿವೆಯೆಂದು ಇತ್ತೀಚಿನ ಅಧ್ಯಯನಗಳು ತೋರಿಸಿವೆ.

ಈ ಕಲ್ಲುಗಳಿಗೂ ಅವುಗಳ ಹೆಸರುಗಳಿಗೂ ಇಂದು ಸಮಾನವಾದ ಅಪಾಯವಿದೆ. ನಿಧಿಯ ಆಸೆಯಿಂದ ಕೋಣೆಗಳನ್ನು ಅಗೆಯುವುದು, ಚಪ್ಪಡಿಗಳನ್ನು ಕಟ್ಟಡಕ್ಕೆ ಒಡೆದು ಸಾಗಿಸುವುದು, ಹೊಲ ಹಸನು ಮಾಡುವಾಗ ನಿಲುಗಲ್ಲುಗಳನ್ನು ಕೀಳುವುದು ಅನೇಕ ನೆಲೆಗಳನ್ನು ಹಾಳುಮಾಡಿವೆ. ಎ. ಸುಂದರ ಅವರು 1975ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ದಕ್ಷಿಣದ ಕಲ್ಲುಕೋಣೆಗಳ ರಚನಾಭೇದಗಳನ್ನು ಶ್ರಮವಹಿಸಿ ವಿಂಗಡಿಸಿದ್ದಾರೆ. ಹೆಸರುಗಳ ಮತ್ತು ಕಥೆಗಳ ವಿಷಯದಲ್ಲಿಯೂ ಅಂಥದೇ ಕೆಲಸವಾಗಬೇಕಾಗಿದೆ. ಪ್ರತಿ ನೆಲೆಯ ಸ್ಥಳೀಯ ಹೆಸರನ್ನು ಹೇಳಿದವರ ಉಚ್ಚಾರಣೆಯಂತೆಯೇ ಬರೆದುಕೊಳ್ಳಬೇಕು. ಮೋರೇರು ಎಂದವರ ಮಾತನ್ನು ಮೌರ್ಯರು ಎಂದು ತಿದ್ದಬಾರದು. ಕಥೆಯ ಪಾಠಾಂತರಗಳನ್ನು ಒಂದಕ್ಕೊಂದು ಬೆರೆಸದೆ ಬೇರೆಬೇರೆಯಾಗಿಯೇ ಇಡಬೇಕು. ಸಮೀಪದಲ್ಲಿ ಬಸದಿ, ನಿಸಿದಿಗಲ್ಲು, ಶಾಸನಗಳಿದ್ದರೆ ಅವುಗಳ ಕಾಲವನ್ನು ನಮೂದಿಸಬೇಕು. ಹೀಗೆ ಸಂಗ್ರಹವಾದ ಸಾಮಗ್ರಿಯನ್ನು ನಕ್ಷೆಯ ಮೇಲೆ ಗುರುತಿಸಿದಾಗ, ಮೋರಿಯ ಎಂಬ ಹೆಸರಿನ ವ್ಯಾಪ್ತಿಯೂ ಪ್ರಾಚೀನ ಜೈನ ಕೇಂದ್ರಗಳ ವ್ಯಾಪ್ತಿಯೂ ಎಲ್ಲಿ ಕೂಡುತ್ತವೆ, ಎಲ್ಲಿ ಅಗಲುತ್ತವೆ ಎಂಬುದನ್ನು ಆಧಾರಸಹಿತವಾಗಿ ಹೇಳಲು ಸಾಧ್ಯವಾಗುತ್ತದೆ.